ಬಾರ್ಬರಾ ಬೋಮನ್: ಮಮತೆಯ ಹೊಗಳಿಕೆಯಲ್ಲಿ ಮರೆಯಾದ ಕಸುಬು

ಮಾನ್ಯ ಸಂಪಾದಕರೇ,

ಅಮೆರಿಕದ ಶಿಶುಶಿಕ್ಷಣ ತಜ್ಞೆ ಬಾರ್ಬರಾ ಟೇಲರ್ ಬೋಮನ್ 2024ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರಿಗೆ 96 ತುಂಬಿ ಕೆಲವೇ ದಿನಗಳಾಗಿದ್ದವು. ಅವರ ಬಗ್ಗೆ ಎಲ್ಲೇ ಬರೆದರೂ ಎರಡು ಪರಿಚಯ ತಪ್ಪುವುದಿಲ್ಲ. ಒಂದು, ಒಬಾಮಾ ಅವರ ಹಿರಿಯ ಸಲಹೆಗಾರ್ತಿಯಾಗಿದ್ದ ವ್ಯಾಲೆರಿ ಜ್ಯಾರೆಟ್ ಅವರ ತಾಯಿ. ಇನ್ನೊಂದು, ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದ ಮಮತಾಮಯಿ. ಮೊದಲನೆಯದು ಸುಳ್ಳಲ್ಲ, ಆದರೆ ಅದು ಅವರ ಕೆಲಸವಲ್ಲ. ಎರಡನೆಯದು ಅವರ ಬದುಕಿನ ವಾದಕ್ಕೇ ಅಡ್ಡ ಬರುವ ಹೊಗಳಿಕೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಕಲಿಸಲು ಪ್ರೀತಿಯೊಂದೇ ಸಾಲದು, ಅದಕ್ಕೆ ಓದು ಬೇಕು, ಹಿರಿಯರ ಕಣ್ಣೆದುರು ಮಾಡಿದ ಅಭ್ಯಾಸ ಬೇಕು, ಅದಕ್ಕೆ ತಕ್ಕ ಸಂಬಳವೂ ಬೇಕು ಎಂಬುದಕ್ಕಾಗಿ ದುಡಿದವರನ್ನು ಮಮತೆಗೆ ಕಟ್ಟಿಹಾಕುವುದು ಸರಿಯಲ್ಲ. ಶಿಶುಶಿಕ್ಷಕರ ತರಬೇತಿಯಲ್ಲಿ ತೊಡಗಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಆ ಕೆಲಸ ಏನಾಗಿತ್ತು ಎಂದು ಹೇಳಲಿಕ್ಕೆ.

ಮನೆತನದ ವಿಷಯ ಬೇಗ ಮುಗಿಸುತ್ತೇವೆ. ಅಜ್ಜ ರಾಬರ್ಟ್ ರಾಬಿನ್ಸನ್ ಟೇಲರ್ 1892ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ (ಎಂಐಟಿ) ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಕಪ್ಪು ವಿದ್ಯಾರ್ಥಿಗಳಿಗಾಗಿದ್ದ ಟಸ್ಕೀಗಿ ಸಂಸ್ಥೆಯ ಕಟ್ಟಡಗಳನ್ನು ರೂಪಿಸಿದ ವಾಸ್ತುಶಿಲ್ಪಿ. 2015ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿಯೂ ಬಂತು. ತಂದೆ ಚಿಕಾಗೋ ವಸತಿ ಪ್ರಾಧಿಕಾರದ ಮೊದಲ ಕಪ್ಪು ಅಧ್ಯಕ್ಷರು. ಬಾರ್ಬರಾ ಹುಟ್ಟಿದ್ದು 1928ರಲ್ಲಿ, ಚಿಕಾಗೋದಲ್ಲಿ. ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಓದಿ, 1952ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದಿಂದ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಓದುತ್ತಲೇ ಅದೇ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯ ನರ್ಸರಿಯಲ್ಲಿ ಪಾಠ ಮಾಡಿದರು. ಪತಿ ಜೇಮ್ಸ್ ಬೋಮನ್ ರೋಗಶಾಸ್ತ್ರದ ವೈದ್ಯರು. ಬಿಳಿಯ ವೈದ್ಯರಿಗೆ ಕೊಡುವಷ್ಟು ಸಂಬಳವನ್ನು ಕಪ್ಪು ವೈದ್ಯನಿಗೆ ಕೊಡಲು ತಾಯ್ನೆಲ ಸಿದ್ಧವಿಲ್ಲದಿದ್ದ ಕಾಲದಲ್ಲಿ ದಂಪತಿ ಇರಾನಿನ ಶಿರಾಜ್‌ಗೆ ಹೋದರು. ಅಲ್ಲಿನ ನೆಮಾಜಿ ಆಸ್ಪತ್ರೆಯಲ್ಲಿ ಜೇಮ್ಸ್ ಕೆಲಸ ಮಾಡುತ್ತಿದ್ದಾಗ, 1956ರಲ್ಲಿ, ಮಗಳು ವ್ಯಾಲೆರಿ ಹುಟ್ಟಿದಳು. ಬೇರೊಂದು ಭಾಷೆಯ, ಬೇರೊಂದು ರೀತಿಯಲ್ಲಿ ಮಕ್ಕಳನ್ನು ಬೆಳೆಸುವ ಊರಿನಲ್ಲಿ ಕಳೆದ ಆ ವರ್ಷಗಳನ್ನು ಬೋಮನ್ ಅವರ ಮುಂದಿನ ವಿಚಾರಗಳಿಂದ ಬೇರ್ಪಡಿಸಿ ನೋಡುವುದು ನಮಗಂತೂ ಕಷ್ಟ.

ನಿಜವಾದ ಕತೆ ಶುರುವಾಗುವುದು 1965ರ ಬೇಸಿಗೆಯಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಡತನ ವಿರೋಧಿ ಕಾರ್ಯಕ್ರಮದ ಅಂಗವಾಗಿ ‘ಹೆಡ್ ಸ್ಟಾರ್ಟ್’ ಆರಂಭವಾಯಿತು. ಮೊದಲ ವರ್ಷ ಅದು ಬರೀ 8 ವಾರಗಳ ಬೇಸಿಗೆ ಶಾಲೆ; ಸೇರಿದ ಬಡಮಕ್ಕಳು 5 ಲಕ್ಷಕ್ಕೂ ಹೆಚ್ಚು. ಚರ್ಚಿನ ನೆಲಮಾಳಿಗೆಯಾದರೂ ಸರಿ, ಕೋಣೆ ಸಿಕ್ಕಿತು. ಹಾಲು, ಬಿಸ್ಕತ್ತು, ದಂತವೈದ್ಯರು, ಎಲ್ಲ ಹೇಗೋ ಹೊಂದಿತು. ಹೊಂದದೇ ಹೋದದ್ದು ಶಿಕ್ಷಕರು. ನಾಲ್ಕು ವರ್ಷದ ಮಗುವಿಗೆ ಕಲಿಸುವುದನ್ನು ಕಲಿತವರು ದೇಶದಲ್ಲಿ ಅಷ್ಟು ಮಂದಿ ಇರಲೇ ಇಲ್ಲ. ಪ್ರಾಥಮಿಕ ಶಾಲೆಯ ಮೇಷ್ಟ್ರು, ನೆರೆಹೊರೆಯ ತಾಯಂದಿರು, ಕಾಲೇಜು ಹುಡುಗಿಯರು ಕೆಲವೇ ದಿನಗಳ ತರಬೇತಿ ಮುಗಿಸಿ ತರಗತಿಗೆ ಇಳಿದರು.

1966ರಲ್ಲಿ ಬೋಮನ್, ಮಕ್ಕಳ ಮನಶ್ಶಾಸ್ತ್ರಜ್ಞೆ ಮರಿಯಾ ಪಿಯರ್ಸ್, ಸಮಾಜ ಕಾರ್ಯಕರ್ತೆ ಲೊರೇನ್ ವಾಲಾಕ್ ಸೇರಿ, ಉದ್ಯಮಿ ಇರ್ವಿಂಗ್ ಹ್ಯಾರಿಸ್ ಅವರ ಬೆಂಬಲದಿಂದ ಚಿಕಾಗೋದಲ್ಲಿ ಒಂದು ಶಿಕ್ಷಕ ತರಬೇತಿ ಶಾಲೆ ತೆರೆದರು. ಅದೇ ಮುಂದೆ ಎರಿಕ್ಸನ್ ಸಂಸ್ಥೆ ಆಯಿತು. (ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಅವರ ಹೆಸರು ಅದು. ಫೋನ್ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ.) ಸ್ಥಾಪಕಿಯರಲ್ಲಿ ಒಬ್ಬರು ಟೀಚರ್, ಒಬ್ಬರು ಮನಸ್ಸನ್ನು ಬಲ್ಲವರು, ಒಬ್ಬರು ಮನೆಮನೆಯ ಕಷ್ಟ ಬಲ್ಲವರು. ಈ ಮೂವರು ಕೂಡಿದ್ದು ಆಕಸ್ಮಿಕವಲ್ಲ. ಬೆಳಿಗ್ಗೆ ಬಂದ ಮಗು ಮೇಜಿನ ಕೆಳಗೆ ಹೋಗಿ ಕೂತರೆ, ಅದು ಪಾಠದ ಸಮಸ್ಯೆಯೋ, ಬೆಳವಣಿಗೆಯ ಹಂತವೋ, ರಾತ್ರಿ ಮನೆಯಲ್ಲಿ ನಡೆದದ್ದರ ನೆರಳೋ ಎಂದು ಬಿಡಿಸಿ ನೋಡಲು ಮೂರೂ ತಿಳಿವಳಿಕೆ ಒಂದೇ ತಲೆಯಲ್ಲಿರಬೇಕು.

ಈ ಬಗೆಯ ತರಬೇತಿಯಲ್ಲಿ ಏನಿರುತ್ತದೆ? ಮಕ್ಕಳ ಬೆಳವಣಿಗೆಯ ಶಾಸ್ತ್ರ ಓದುವುದು, ಬಾಯಿ ಮುಚ್ಚಿ ಕೂತು ಮಗುವನ್ನು ನೋಡಿ ಬರೆಯುವುದು, ತರಗತಿಯಲ್ಲಿ ಅಭ್ಯಾಸ ಮಾಡುವುದು, ಮಾಡಿದ್ದನ್ನು ಅನುಭವಿ ಮಾರ್ಗದರ್ಶಕರ ಜೊತೆ ನಿಯಮಿತವಾಗಿ ಕೂತು ಹಿಂತಿರುಗಿ ನೋಡುವುದು. ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಕೊನೆಯದಕ್ಕೆ. ಅದನ್ನು ಕಳೆದರೆ ಉಳಿದ ಮೂರೂ ಅರ್ಧಕ್ಕೆ ನಿಲ್ಲುತ್ತವೆ, ಯಾಕೆಂದರೆ ತನ್ನ ತಪ್ಪು ತನಗೇ ಕಾಣುವುದಿಲ್ಲ.

ನೋಡಿ ಬರೆಯುವುದು ಸುಲಭದ ಕೆಲಸವೆಂದು ತೋರುತ್ತದೆ. ಹೊಸಬರು ಮೊದಲ ದಿನ ಬರೆಯುವುದು ಹೀಗೆ: ‘ಹುಡುಗನಿಗೆ ಗಮನವಿಲ್ಲ, ಗಲಾಟೆ ಮಾಡುತ್ತಾನೆ.’ ಇದು ನೋಡಿದ್ದಲ್ಲ, ತೀರ್ಪು. ನೋಡಿದ್ದು ಎಂದರೆ (ಬ್ಲಾಕ್ ಎಂದರೆ ಮಕ್ಕಳು ಜೋಡಿಸಿ ಆಡುವ ಮರದ ತುಂಡು): ‘9.40. ಬ್ಲಾಕ್ ಮೂಲೆ. ಉದ್ದ ಬ್ಲಾಕ್ ಮುಗಿದಿತ್ತು. ಎರಡು ಗಿಡ್ಡ ಬ್ಲಾಕ್ ತಂದು ತುದಿಗೆ ತುದಿ ಸೇರಿಸಿ ಇಟ್ಟ, ಪಕ್ಕದ ಉದ್ದ ಬ್ಲಾಕಿನ ಮೇಲೆ ಕೈಯಾಡಿಸಿದ, “ಎರಡೂ ಒಂದೇ” ಎಂದ. ಗೆಳತಿ ಒಂದನ್ನು ಎಳೆದಾಗ ಕಿರುಚಿದ.’ ಇಲ್ಲಿ ಗಲಾಟೆಯ ಜೊತೆಗೆ ಅದರ ಕಾರಣವೂ ಇದೆ, ಗಣಿತವೂ ಇದೆ. ಅಮೆರಿಕದ ಶಿಶುಶಾಲೆಗಳಲ್ಲಿ ಕಾಣುವ ಮರದ ಯೂನಿಟ್ ಬ್ಲಾಕ್ 5½ ಇಂಚು ಉದ್ದ, 2¾ ಇಂಚು ಅಗಲ, 1⅜ ಇಂಚು ದಪ್ಪ. ಜೋಡಿ ಯೂನಿಟ್ 11 ಇಂಚು, ನಾಲ್ಕರದು 22. ಎಲ್ಲವೂ ಒಂದಕ್ಕೆರಡು ಅಳತೆ. ಹುಡುಗ ಕಂಡುಕೊಂಡದ್ದು ಅದನ್ನೇ. ಬ್ಲಾಕುಗಳನ್ನು ಡಬ್ಬದಲ್ಲಿ ಸುರಿದಿಟ್ಟರೆ ಈ ಪಾಠ ಸಿಗುವುದಿಲ್ಲ. ಕಪಾಟಿನಲ್ಲಿ ಉದ್ದ ಕಾಣುವಂತೆ ಅಡ್ಡಲಾಗಿ ಜೋಡಿಸಿ, ಆಯಾ ಜಾಗಕ್ಕೆ ಬ್ಲಾಕಿನ ಆಕಾರದ ಕಾಗದ ಅಂಟಿಸಿಟ್ಟರೆ ಎತ್ತಿಡುವುದೂ ಪಾಠವಾಗುತ್ತದೆ.

ಎಣಿಕೆಯದು ಇನ್ನೂ ಒಳ್ಳೆಯ ಉದಾಹರಣೆ. ನಾಲ್ಕು ವರ್ಷದ ಹುಡುಗಿಯ ಮುಂದೆ ಐದು ಗುಂಡಿಗಳನ್ನು ಸಾಲಾಗಿಡಿ. ಒಂದೊಂದನ್ನೂ ಮುಟ್ಟಿ ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ತಪ್ಪಿಲ್ಲದೆ ಎಣಿಸುತ್ತಾಳೆ. ‘ಒಟ್ಟು ಎಷ್ಟಿವೆ?’ ಎಂದು ಕೇಳಿ. ಮತ್ತೆ ಒಂದರಿಂದ ಶುರುಮಾಡುತ್ತಾಳೆ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ. ಎಣಿಕೆಯ ಕೊನೆಯ ಪದವೇ ಇಡೀ ಗುಂಪಿನ ಸಂಖ್ಯೆ ಎಂಬುದು ಅವಳಿಗೆ ಇನ್ನೂ ಹೊಳೆದಿಲ್ಲ. ಅವಳ ಪಾಲಿಗೆ ‘ಐದು’ ಎಂಬುದು ಕೊನೆಯ ಗುಂಡಿಯ ಹೆಸರು. ‘ಮೂರು ಕೊಡು’ ಎಂದರೆ ಸಿಕ್ಕಷ್ಟು ಹಿಡಿದು ಕೊಡುತ್ತಾಳೆ. ಪಕ್ಕದ ಹುಡುಗನ ತೊಡಕು ಬೇರೆ: ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಬೀಳುತ್ತದೆ, ಐದು ಗುಂಡಿ ಏಳಾಗುತ್ತವೆ. ಮೂರನೆಯ ಮಗುವಿಗೆ ಪದಗಳ ಸಾಲೇ ಗಟ್ಟಿಯಾಗಿಲ್ಲ. ಮೂರು ಆದಮೇಲೆ ಒಮ್ಮೆ ಐದು, ಒಮ್ಮೆ ಆರು.

ಮೂವರ ಉತ್ತರವೂ ತಪ್ಪು, ಮದ್ದು ಮಾತ್ರ ಬೇರೆಬೇರೆ. ಮೊದಲನೆಯವಳಿಗೆ ಎರಡು ಮೂರರ ಸಣ್ಣ ಗುಂಪುಗಳು ಬೇಕು. ಎಣಿಸಿದ ಮೇಲೆ ಎಲ್ಲದರ ಸುತ್ತ ಕೈಯಿಂದ ಗೆರೆ ಎಳೆದು ‘ಒಟ್ಟು ಮೂರು’ ಎನ್ನಬೇಕು. ಹುಡುಗನಿಗೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಒಂದೊಂದೇ ಗುಂಡಿ ಹಾಕುತ್ತಾ ಎಣಿಸಲು ಹೇಳಬೇಕು. ಎತ್ತಿ ಹಾಕುವ ಕೆಲಸ ಬಾಯಿಯ ವೇಗಕ್ಕೆ ಕಡಿವಾಣ ಹಾಕುತ್ತದೆ. ಮೂರನೆಯ ಮಗುವಿಗೆ ಮೆಟ್ಟಿಲು ಹತ್ತುವಾಗ, ಹಾಡುವಾಗ ದಿನವೂ ಅದೇ ಸಾಲು ಕಿವಿಗೆ ಬೀಳಬೇಕು. ಈ ವ್ಯತ್ಯಾಸ ಗೊತ್ತಿಲ್ಲದವರು ಮೂವರಿಗೂ ನೂರರವರೆಗೆ ಬಾಯಿಪಾಠ ಮಾಡಿಸುತ್ತಾರೆ. ಬಾಯಿಪಾಠ ಬರುತ್ತದೆ, ಸಂಖ್ಯೆ ಬರುವುದಿಲ್ಲ. ಎಷ್ಟೇ ಪ್ರೀತಿಯಿದ್ದರೂ ಇದು ತಾನಾಗಿ ತಿಳಿಯುವ ವಿಷಯವಲ್ಲ.

ಕಪ್ಪು ಮಕ್ಕಳ ವಿಚಾರದಲ್ಲಿ ಬೋಮನ್ ಹೇಳುತ್ತ ಬಂದದ್ದು ಇದಕ್ಕೆ ಅಂಟಿಕೊಂಡೇ ಇದೆ. ಬಡ ಕಪ್ಪು ಕುಟುಂಬದ ಮಗು ಶಾಲೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಅದರ ಬೆಳವಣಿಗೆಯೇ ಕುಂಠಿತವೆಂದು ಬರೆದುಬಿಡುವ ಕಾಲ ಅದು. ಅವರ ವಾದ ಬೇರೆ. ಮನೆ, ಕೇರಿ ತನ್ನಿಂದ ಬಯಸಿದ್ದನ್ನೆಲ್ಲ ಮಗು ಚೆನ್ನಾಗಿ ಕಲಿತಿದೆ. ಶಾಲೆ ಕೇಳುವುದು ಮಾತ್ರ ಬೇರೆಯದು. ಟೀಚರ್ ಕೆಂಪು ಲಾರಿ ಎತ್ತಿ ಹಿಡಿದು ‘ಇದು ಯಾವ ಬಣ್ಣ?’ ಎನ್ನುತ್ತಾರೆ. ಗೊತ್ತಿರುವುದನ್ನೇ ದೊಡ್ಡವರು ಕೇಳುವ ರೂಢಿ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ‘ನಿಮಗೆ ಕಾಣಿಸ್ತಿಲ್ವಾ?’ ಎಂಬಂತೆ ಮಗು ಸುಮ್ಮನೆ ನೋಡುತ್ತದೆ. ಹಾಳೆಯಲ್ಲಿ ‘ಬಣ್ಣ ಗೊತ್ತಿಲ್ಲ’ ಎಂದು ಗುರುತು ಬೀಳುತ್ತದೆ. ಅದೇ ಮಗುವಿಗೆ ‘ಆ ಕೆಂಪು ಲಾರಿ ಇತ್ತ ಕೊಡ್ತೀಯಾ, ನೀಲಿಯದು ನೀನಿಟ್ಕೋ’ ಅನ್ನಿ, ತಪ್ಪಿಲ್ಲದೆ ಕೊಡುತ್ತದೆ. ಹಾಗೆಂದು ಶಾಲೆಯ ಪ್ರಶ್ನೆಯನ್ನೇ ಬಿಟ್ಟುಬಿಡುವುದಲ್ಲ. ಅದನ್ನೂ ಕಲಿಸಲೇಬೇಕು, ಮನೆಯಲ್ಲಿ ಕಲಿತದ್ದರ ಮೇಲೆ ಕಟ್ಟಿ ಕಲಿಸಬೇಕು. ಸಂಸ್ಕೃತಿಗೆ ಗೌರವ ಎಂದು ಗೋಡೆಗೆ ಚಿತ್ರ ಅಂಟಿಸಿ ಕೈತೊಳೆದುಕೊಳ್ಳುವವರೂ, ಎಲ್ಲ ಮಕ್ಕಳಿಗೂ ಒಂದೇ ಹಾಳೆ ಕೊಡುವವರೂ, ಇಬ್ಬರೂ ಈ ಕಷ್ಟದ ಕೆಲಸದಿಂದ ಜಾರಿಕೊಳ್ಳುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಬೋಮನ್ ಒಬ್ಬರೇ ಈ ದಾರಿ ತುಳಿದವರಲ್ಲ. ಕಪ್ಪು ಮಹಿಳೆಯರ ಸಂಘಗಳ ರಾಷ್ಟ್ರೀಯ ಒಕ್ಕೂಟ 1896ರಲ್ಲಿ ಕಟ್ಟಿಕೊಂಡಾಗಲೇ ಕಿಂಡರ್‌ಗಾರ್ಟನ್ ಅದರ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಸೇಂಟ್ ಲೂಯಿಸ್‌ನ ಹೇಡೀ ಕ್ಯಾಂಪ್‌ಬೆಲ್ ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರು. ಬೋಮನ್ ಅವರ ಸಮಕಾಲೀನರಾದ ಎವೆಲಿನ್ ಮೂರ್ 1970ರಲ್ಲಿ ಕಪ್ಪು ಮಕ್ಕಳ ಬೆಳವಣಿಗೆಗೆಂದೇ ರಾಷ್ಟ್ರೀಯ ಸಂಸ್ಥೆಯೊಂದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಅದಕ್ಕೂ ಮೊದಲು ಅವರು ಮಿಶಿಗನ್‌ನ ಇಪ್ಸಿಲ್ಯಾಂಟಿಯ ಪೆರಿ ಪ್ರೀಸ್ಕೂಲ್‌ನಲ್ಲಿ ಟೀಚರ್ ಆಗಿದ್ದರು.

ಪೆರಿ ಹೆಸರು ಬಂದದ್ದರಿಂದ ಒಂದು ಮಾತು. ಶಿಶುಶಿಕ್ಷಣಕ್ಕೆ ಹಾಕಿದ ಒಂದು ಡಾಲರಿಗೆ ಇಷ್ಟು ಡಾಲರ್ ವಾಪಸ್ ಎಂಬ ಲೆಕ್ಕವನ್ನು ಓದುಗರು ಕೇಳಿರಬಹುದು. ಆ ಲೆಕ್ಕಕ್ಕೆ ಮುಖ್ಯ ಮೂಲ ಪೆರಿ. 1962ರಿಂದ 67ರವರೆಗೆ ನಡೆದ ಆ ಪ್ರಯೋಗದಲ್ಲಿದ್ದವರು 123 ಬಡ ಕಪ್ಪು ಮಕ್ಕಳು. 58 ಮಕ್ಕಳು ಶಾಲೆಗೆ ಬಂದವರು, 65 ಹೋಲಿಕೆಯ ಗುಂಪಿನವರು. ವಾರದ ಐದೂ ದಿನ ಬೆಳಿಗ್ಗೆ ಎರಡೂವರೆ ಗಂಟೆ ತರಗತಿ. ಒಬ್ಬ ಶಿಕ್ಷಕಿಗೆ ಐದಾರು ಮಕ್ಕಳು. ಶಿಕ್ಷಕಿಯರೆಲ್ಲ ಪದವೀಧರರು. ವಾರಕ್ಕೊಮ್ಮೆ ಅವರೇ ಮಗುವಿನ ಮನೆಗೆ ಹೋಗಿ ಒಂದೂವರೆ ಗಂಟೆ ಕೂರುತ್ತಿದ್ದರು. ಭಾಷಣಗಳಲ್ಲಿ ಡಾಲರ್ ಉಳಿಯಿತು, ಮನೆಭೇಟಿ ಬಿದ್ದುಹೋಯಿತು. ಒಬ್ಬರಿಗೆ 20 ಮಕ್ಕಳನ್ನು ಒಪ್ಪಿಸಿ, ಮನೆಭೇಟಿ ಕೈಬಿಟ್ಟು, ಪೆರಿಯ ಫಲಿತಾಂಶ ಬರಲಿಲ್ಲವಲ್ಲ ಎಂದು ಕೇಳಿದರೆ ಏನು ಹೇಳೋಣ?

ಬೋಮನ್ 1980ರಿಂದ 82ರವರೆಗೆ ಅಮೆರಿಕದ ಶಿಶುಶಿಕ್ಷಕರ ರಾಷ್ಟ್ರೀಯ ಸಂಘದ ಅಧ್ಯಕ್ಷರಾಗಿದ್ದರು, 1994ರಿಂದ 2001ರವರೆಗೆ ಎರಿಕ್ಸನ್ ಸಂಸ್ಥೆಯ ಅಧ್ಯಕ್ಷರು. ಆದರೆ ಅವರ ಕಸುಬಿಗೆ ಅತಿ ದೊಡ್ಡ ಬಲ ಕೊಟ್ಟದ್ದು ರಾಷ್ಟ್ರೀಯ ಸಂಶೋಧನಾ ಮಂಡಳಿ ನೇಮಿಸಿದ ಸಮಿತಿ. ಎರಡರಿಂದ ಐದು ವರ್ಷದ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿದ ಆ ಸಮಿತಿಗೆ ಅವರೇ ಅಧ್ಯಕ್ಷರು. 2001ರಲ್ಲಿ ‘ಈಗರ್ ಟು ಲರ್ನ್’ ಎಂಬ ಹೆಸರಿನಲ್ಲಿ ಅಚ್ಚಾದ ಆ ವರದಿಯ ಮುಖ್ಯ ಶಿಫಾರಸು ಸರಳ: ಮಕ್ಕಳ ಪ್ರತಿ ಗುಂಪಿಗೂ ಶಿಶುಶಿಕ್ಷಣದಲ್ಲಿ ವಿಶೇಷ ತರಬೇತಿಯಿರುವ, ಪದವಿ ಪಡೆದ ಒಬ್ಬ ಶಿಕ್ಷಕರಿರಬೇಕು. ಇಲ್ಲಿ ‘ಶಿಶುಶಿಕ್ಷಣದಲ್ಲಿ’ ಎಂಬ ಪದವನ್ನು ಹಲವರು ನುಂಗಿಬಿಡುತ್ತಾರೆ. ಪ್ರೌಢಶಾಲೆಗೆ ತಯಾರಾದ ಪದವೀಧರರನ್ನು ತಂದು ನಾಲ್ಕು ವರ್ಷದವರ ಮುಂದೆ ನಿಲ್ಲಿಸಿದರೆ, ಅವರು ತಮಗೆ ಗೊತ್ತಿರುವುದನ್ನೇ ಮಾಡುತ್ತಾರೆ: ಎಲ್ಲರನ್ನೂ ಸಾಲಾಗಿ ಕೂರಿಸಿ ಅರ್ಧ ಗಂಟೆ ಮಾತಾಡುತ್ತಾರೆ. ಆಮೇಲೆ ‘ಡಿಗ್ರಿಯಿಂದ ಪ್ರಯೋಜನವಿಲ್ಲ’ ಎಂಬ ತೀರ್ಮಾನ ಬರುತ್ತದೆ. 2007ರ ಹೆಡ್ ಸ್ಟಾರ್ಟ್ ಕಾಯ್ದೆ 2013ರೊಳಗೆ ದೇಶದ ಹೆಡ್ ಸ್ಟಾರ್ಟ್ ಶಿಕ್ಷಕರಲ್ಲಿ ಕನಿಷ್ಠ ಅರ್ಧದಷ್ಟು ಜನ ಶಿಶುಶಿಕ್ಷಣ ಅಥವಾ ಅದಕ್ಕೆ ಸಂಬಂಧಿಸಿದ ಪದವಿ ಪಡೆದಿರಬೇಕೆಂದಿತು. ಕೆಲವೇ ದಿನಗಳ ತರಬೇತಿಯಿಂದ ಅಲ್ಲಿಗೆ ಬರಲು ಸುಮಾರು ಐವತ್ತು ವರ್ಷ ಹಿಡಿಯಿತು.

ಅವರು 75ನೇ ವಯಸ್ಸಿನಲ್ಲಿ ಒಪ್ಪಿಕೊಂಡ ಕೆಲಸದ ಬಗ್ಗೆ ಯಾಕೋ ಯಾರೂ ಹೆಚ್ಚು ಬರೆಯುವುದಿಲ್ಲ. 2004ರಲ್ಲಿ ಚಿಕಾಗೋದ ಪಬ್ಲಿಕ್ (ಅಂದರೆ ಸರ್ಕಾರಿ) ಶಾಲೆಗಳ ಶಿಶುಶಿಕ್ಷಣ ವಿಭಾಗದ ಮುಖ್ಯಸ್ಥರಾಗಿ, ಅದನ್ನು 2012ರವರೆಗೆ ನಡೆಸಿದರು. ವರದಿ ಬರೆದವರು ಅದನ್ನು ಜಾರಿ ಮಾಡುವ ಕುರ್ಚಿಯಲ್ಲೂ ಕೂರುವುದು ಅಪರೂಪ. ಚಿಕಾಗೋ ಇರುವ ಇಲಿನಾಯ್ ರಾಜ್ಯ 2006ರಲ್ಲಿ ಮೂರು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರೀಸ್ಕೂಲ್ ಎಂಬ ಯೋಜನೆಗೆ ಕೈಹಾಕಿದ್ದು ಇದೇ ಅವಧಿಯಲ್ಲಿ. ನಿಯಮ ಹೀಗಿತ್ತು: ತರಗತಿಗೆ ಹೆಚ್ಚೆಂದರೆ 20 ಮಕ್ಕಳು, ಇಬ್ಬರು ದೊಡ್ಡವರು, ದಿನಕ್ಕೆ ಕನಿಷ್ಠ ಎರಡೂವರೆ ಗಂಟೆ.

ಕಾಗದದ ಮೇಲೆ ಹತ್ತಕ್ಕೊಬ್ಬರು. ತರಗತಿಯಲ್ಲಿ ಏನಾಗುತ್ತದೆ? ಒಂದು ಮಗು ಬಟ್ಟೆ ಒದ್ದೆ ಮಾಡಿಕೊಳ್ಳುತ್ತದೆ, ಸಹಾಯಕಿ ಅದರೊಂದಿಗೆ ಹೋಗುತ್ತಾರೆ. ಆ ಕ್ಷಣಕ್ಕೆ 19 ಮಕ್ಕಳಿಗೆ ಒಬ್ಬರು. ತಿಂಡಿಗೆ ಮುಂಚೆ 20 ಮಕ್ಕಳು ಒಂದೇ ನಲ್ಲಿಯಲ್ಲಿ ಕೈ ತೊಳೆಯಬೇಕು. ತಲೆಗೆ ಅರ್ಧ ನಿಮಿಷವೆಂದರೂ ಹತ್ತು ನಿಮಿಷ ಸಾಲಿನಲ್ಲಿ ನಿಲ್ಲುವುದೇ ಆಯಿತು. ತಳ್ಳಾಟ ಶುರುವಾಗುವುದು ಅಲ್ಲೇ. ಒಳಗೆ ಬರುವಾಗ, ಹೊರಗೆ ಹೋಗುವಾಗ, ಕೋಟು ಹಾಕಿಕೊಳ್ಳುವಾಗ ಹೀಗೆ ಸೋರುವ ಸಮಯ ಎರಡೂವರೆ ಗಂಟೆಯಲ್ಲಿ ದೊಡ್ಡ ಪಾಲು. ತರಬೇತಿ ಪಡೆದವರು ಐದೈದು ಮಕ್ಕಳನ್ನು ಮಾತ್ರ ನಲ್ಲಿಗೆ ಕಳಿಸಿ, ಉಳಿದವರನ್ನು ಆಟದಲ್ಲೇ ಬಿಡುತ್ತಾರೆ. ಕತೆ ಓದುವಾಗಲೂ ಅಷ್ಟೆ: ಇಪ್ಪತ್ತು ಮಕ್ಕಳಿಗೆ ಒಟ್ಟಿಗೆ ಓದಿದರೆ ಮುಂದೆ ಕೂತ ನಾಲ್ವರೇ ಉತ್ತರ ಕೊಡುತ್ತಾರೆ, ನಾಲ್ಕೈದು ಜನರ ಗುಂಪಿಗೆ ಓದಿ, ಮಧ್ಯೆ ನಿಲ್ಲಿಸಿ ‘ಈಗ ಅವನೇನು ಮಾಡಬಹುದು?’ ಎಂದರೆ ಹಿಂದಿನ ಸಾಲಿನ ಮಗುವೂ ಬಾಯಿ ಬಿಡುತ್ತದೆ.

ಪದವಿಯ ಒತ್ತಾಯಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ಮುಚ್ಚಿಟ್ಟು ಗೌರವ ಸಲ್ಲಿಸಲಾಗದು. ಅಮೆರಿಕದ ಶಿಶುಕೇಂದ್ರಗಳಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಕಪ್ಪು ಮತ್ತು ಲ್ಯಾಟಿನೊ ಮಹಿಳೆಯರು ಬಹಳ. ಅವರಲ್ಲಿ ಅನೇಕರ ಬಳಿ ಇರುವುದು ಸಿಡಿಎ (ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್) ಎಂಬ ಪ್ರಮಾಣಪತ್ರ: 120 ಗಂಟೆ ತರಗತಿ, 480 ಗಂಟೆ ಮಕ್ಕಳೊಂದಿಗೆ ಕೆಲಸ. ನಾಳೆಯಿಂದ ಡಿಗ್ರಿ ಕಡ್ಡಾಯವೆಂದರೆ ಮನೆಯ ಭಾಷೆ ಬಲ್ಲ, ಮಗುವಿನ ಅಜ್ಜಿಯನ್ನೂ ಬಲ್ಲ ಇವರೇ ಮೊದಲು ಹೊರಗೆ. ಡಿಗ್ರಿ ಬೇಡವೆಂದು ಹೇಳುವುದು ಇದಕ್ಕೆ ಉತ್ತರವಲ್ಲ, ಡಿಗ್ರಿಗೆ ಏಣಿ ಹಾಕಬೇಕು. ಉತ್ತರ ಕರೋಲಿನಾದಲ್ಲಿ 1990ರಲ್ಲಿ ಶುರುವಾದ ‘ಟೀಚ್’ ವಿದ್ಯಾರ್ಥಿವೇತನದ ರೀತಿ ನೋಡಿ. ಶುಲ್ಕದ ಬಹುಪಾಲನ್ನು ಯೋಜನೆ ಕೊಡುತ್ತದೆ, ಸ್ವಲ್ಪ ಶಿಕ್ಷಕಿ, ಸ್ವಲ್ಪ ಕೇಂದ್ರ. ಓದಲು ಕೆಲಸದ ಅವಧಿಯಲ್ಲೇ ಬಿಡುವು. ಒಪ್ಪಿದಷ್ಟು ಪಾಠ ಮುಗಿಸಿದರೆ ಬೋನಸ್ ಅಥವಾ ಸಂಬಳ ಹೆಚ್ಚಳ; ಪ್ರತಿಯಾಗಿ ಇಂತಿಷ್ಟು ಕಾಲ ಅದೇ ಕೇಂದ್ರದಲ್ಲಿ ಉಳಿಯುವ ಒಪ್ಪಂದ. ಇದರಲ್ಲಿ ಕೈಕೊಡುವುದು ಬಿಡುವಿನ ಸಮಯ. ಬದಲಿ ವ್ಯಕ್ತಿ ಸಿಗದಿದ್ದರೆ ಬಿಡುವು ಕಾಗದದ ಮೇಲೇ ಉಳಿಯುತ್ತದೆ, ಶಿಕ್ಷಕಿ ರಾತ್ರಿ ಹತ್ತರ ಮೇಲೆ ಓದಬೇಕಾಗುತ್ತದೆ, ಎರಡನೇ ಸೆಮಿಸ್ಟರಿಗೆ ಬಿಟ್ಟುಬಿಡುತ್ತಾರೆ.

ಬಿಡದೆ ಮುಗಿಸಿದವರ ಮುಂದೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅದೇ ಡಿಗ್ರಿಗೆ ಪಬ್ಲಿಕ್ ಶಾಲೆಯ ಕಿಂಡರ್‌ಗಾರ್ಟನ್‌ನಲ್ಲಿ ಹೆಚ್ಚು ಸಂಬಳ, ಬೇಸಿಗೆ ರಜೆ, ಪಿಂಚಣಿ. ಐದು ವರ್ಷದವರಿಗೆ ಕಲಿಸಿದರೆ ಶಿಕ್ಷಕಿ, ನಾಲ್ಕು ವರ್ಷದವರಿಗೆ ಕಲಿಸಿದರೆ ಮಕ್ಕಳನ್ನು ನೋಡಿಕೊಳ್ಳುವಾಕೆ ಎಂಬ ಲೆಕ್ಕ ಸಂಬಳದ ಚೀಟಿಯಲ್ಲಿ ಹಾಗೇ ಕೂತಿದೆ. ಹೀಗಾಗಿ ಕೇಂದ್ರ ಓದಿಸಿದವರನ್ನು ಶಾಲೆ ಕರೆದುಕೊಂಡು ಹೋಗುತ್ತದೆ, ಮಕ್ಕಳ ಮುಂದೆ ಮತ್ತೆ ಹೊಸಬರು.

ಆದ್ದರಿಂದ ಸಂಪಾದಕರಲ್ಲಿ ಒಂದು ಕೋರಿಕೆ. ಶಿಶುಶಿಕ್ಷಕಿಯೊಬ್ಬರ ಬಗ್ಗೆ ಬರೆಯುವಾಗ ‘ಮಕ್ಕಳ ಪಾಲಿನ ಎರಡನೇ ತಾಯಿ’ ಎಂಬ ಸಾಲನ್ನು ಒಮ್ಮೆಯಾದರೂ ಕೈಬಿಟ್ಟು, ಅವರು ಏನು ಓದಿದ್ದರು, ಅವರ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಎಷ್ಟು ಜನರಿಗೆ ಈ ಕಸುಬು ಕಲಿಸಿದರು ಎಂಬುದನ್ನು ಅಚ್ಚು ಮಾಡಿ. ಇನ್ನು ಬಾರ್ಬರಾ ಬೋಮನ್ ಅವರ ಹೆಸರಿನ ಮುಂದೆ ಏನಾದರೂ ಸೇರಿಸಲೇಬೇಕಿದ್ದರೆ, ‘ಶಿಕ್ಷಕರ ಶಿಕ್ಷಕಿ’ ಎಂದು ಸೇರಿಸಬಹುದು.

ಇತಿ,
ಶಿಶುಶಿಕ್ಷಕರ ತರಬೇತಿಯಲ್ಲಿ ತೊಡಗಿರುವ ಕೆಲವು ಓದುಗರು